ಬೋರ್ಡು ನೋಡಿ ಬಂದವರು

ಎರಡೂ ಕಿವಿಗೆ ಹಿಟ್ಟು ತುಂಬಿಸಿದ ಮೇಲೆ ಅದು ಗಟ್ಟಿಯಾಗುವ ತನಕ ಸುಮ್ಮನೆ ಕೂತಿರಬೇಕು. ಶ್ರವಣಯಂತ್ರ ಕಿವಿಯಲ್ಲಿ ಸರಿಯಾಗಿ ಕೂರಬೇಕಾದರೆ ಮೊದಲು ಆ ಕಿವಿಯ ಅಚ್ಚು ತೆಗೆಯಬೇಕು, ಅದಕ್ಕೆ ಗುಲಾಬಿ ಬಣ್ಣದ ಆ ಮೆತ್ತನೆಯ ಹಿಟ್ಟು. ಮೊದಲೇ ಅರೆಬರೆ ಕೇಳಿಸುವವರು, ಈಗ ಕಿವಿಯೂ ಮುಚ್ಚಿಹೋಗಿ, ಕೊಡದೊಳಗೆ ತಲೆಯಿಟ್ಟವರ ಹಾಗೆ ಕಣ್ಣು ಪಿಳಿಪಿಳಿ ಬಿಡುತ್ತ ಕುರ್ಚಿಯಲ್ಲಿ ಕೂತಿರುತ್ತಾರೆ. ಅಚ್ಚು ತೆಗೆಯುವವನು ಆ ಹೊತ್ತಿನಲ್ಲಿ ಅವರ ಬೆನ್ನ ಹಿಂದಿನ ಮೇಜಿನ ಮುಂದೆ ಕೂತು, ಬೇರೆಯವರ ಅಚ್ಚುಗಳನ್ನು ಅರದಿಂದ ಉಜ್ಜುತ್ತ, ಅವರ ಜೊತೆ ಮಾತಾಡುತ್ತಿದ್ದ.

ಅಂಥ ಗುಟ್ಟಿನ ಮಾತೇನೂ ಅಲ್ಲ. ಬೆಳಿಗ್ಗೆ ಕಿಟಕಿಯಿಂದ ಕಂಡದ್ದು, ಅರ್ಧ ಓದಿ ಬಿಟ್ಟ ಪುಸ್ತಕ, ಮನುಷ್ಯನಿಗೆ ಕಿವಿಗಳನ್ನು ಯಾಕೆ ಮುಚ್ಚಲಾಗದಂತೆ ಮಾಡಲಾಯಿತು ಎಂಬಂಥ ಪ್ರಶ್ನೆಗಳು. ಕೇಳಿಸಿಕೊಳ್ಳದ ಬೆನ್ನುಗಳ ಮುಂದೆ ಅವನ ಮಾತು ಸರಾಗವಾಗಿ ಬರುತ್ತಿತ್ತು. ಹಿಟ್ಟು ಗಟ್ಟಿಯಾಗಿ, ಅದನ್ನು ಮೆಲ್ಲಗೆ ತಿರುಗಿಸಿ ಹೊರಗೆಳೆದ ಕೂಡಲೇ ಬಾಯಿಗೆ ಬೀಗ ಬೀಳುತ್ತಿತ್ತು. "ಆಯ್ತು, ಹೊರಗೆ ಕೂತ್ಕೊಳ್ಳಿ" ಎನ್ನುವುದನ್ನು ಬಿಟ್ಟು ಅವನ ಬಾಯಲ್ಲಿ ಇನ್ನೊಂದು ಮಾತು ಕೇಳಿದ ಗಿರಾಕಿಗಳು ಕಡಿಮೆ.

ಅಂಗಡಿ ಅಣ್ಣನದು. ಪದವಿ ಮುಗಿಸಿ, ಎಲ್ಲಿಯೂ ನಿಲ್ಲದೆ, ಪುಸ್ತಕದ ಪೆಟ್ಟಿಗೆಯೊಂದಿಗೆ ಬಂದ ತಮ್ಮನಿಗೆ ಅಣ್ಣ ಈ ಕೆಲಸ ಕಲಿಸಿ ಒಳಕೋಣೆ ಬಿಟ್ಟುಕೊಟ್ಟಿದ್ದ. ತಮ್ಮ ಎಂದೂ ಒಂದು ಪದ್ಯ ಬರೆದವನಲ್ಲ. ಆದರೂ ಅತ್ತಿಗೆ ಅವನಿಗೆ ಕವಿ ಎಂದು ಹೆಸರಿಟ್ಟಳು, ಬರಬರುತ್ತ ಅಣ್ಣನೂ ಹಾಗೇ ಕರೆಯತೊಡಗಿದ. ಮೂವರೂ ಅಂಗಡಿಯ ಮೇಲಿನ ಮನೆಯಲ್ಲಿದ್ದರು. ಊಟದ ಮೇಜಿನಲ್ಲಿ ಗಂಡ ಹೆಂಡತಿಯ ಮಾತು ಆ ಕಡೆಯಿಂದ ಈ ಕಡೆಗೆ ಹೋಗುವಾಗ ಕವಿ ತಲೆ ತಗ್ಗಿಸಿ ದಾರಿ ಬಿಡುತ್ತಿದ್ದ.

ಬೆನ್ನುಗಳಿಗೆ ಹೇಳಿದ್ದನ್ನೇ ಅವನು ಆಮೇಲೆ ಅಂಗಡಿಯ ಬ್ಲಾಗಿಗೆ ಬರೆಯುತ್ತಿದ್ದ. ವ್ಯಾಪಾರಕ್ಕೆ ಒಳ್ಳೆಯದು ಎಂದು ಯಾರೋ ಹೇಳಿದರೆಂದು ಅಣ್ಣನೇ ಅದನ್ನು ಶುರುಮಾಡಿಸಿದ್ದ. ಯಂತ್ರಗಳ ಬಗ್ಗೆ ನಾಲ್ಕು ಸಾಲು ಬರೆದು ಮುಗಿಸಬೇಕಾದಲ್ಲಿ ಕವಿ ಉದ್ದುದ್ದ ಬರೆದ. ಕಿವಿ ಮಂದವಾದವರು ಮದುವೆ ಮನೆಯಲ್ಲಿ ಯಾಕೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ, ಎಲ್ಲರೂ ನಕ್ಕ ಮೇಲೆ ಒಂದು ಕ್ಷಣ ತಡವಾಗಿ ಯಾಕೆ ನಗುತ್ತಾರೆ, ತಮಗೇ ಗೊತ್ತಾಗದಂತೆ ಎದುರಿನವರ ತುಟಿ ಓದುವುದನ್ನು ಹೇಗೆ ಕಲಿತಿರುತ್ತಾರೆ. ಯಂತ್ರ ಹಾಕಿದ ಮೊದಲ ವಾರ ಲೋಕವೆಲ್ಲ ತಗಡಿನ ಡಬ್ಬಿಯೊಳಗೆ ಕೂತ ಹಾಗೆ ಕೇಳಿಸುತ್ತದೆ, ಹೆದರಿ ಕಿತ್ತು ಡ್ರಾಯರಿಗೆ ಹಾಕಬೇಡಿ ಎಂದೂ ಬರೆದಿದ್ದ. ಯಾರು ಓದುತ್ತಾರೋ ಅವನಿಗೆ ಗೊತ್ತಿರಲಿಲ್ಲ. ಆದರೆ ಅದೊಂದನ್ನು ತೆಗೆದರೆ ಅವನು ಮಾತಾಡುವ ಜಾಗ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಅದನ್ನು ಮುಚ್ಚಬೇಕೆಂಬ ಮಾತು ಬಂದದ್ದು ಅತ್ತಿಗೆಯ ವಿಡಿಯೋಗಳು ಹಬ್ಬಿದ ಮೇಲೆ. ಅವಳು ಒಂದು ದಿನ, ಮುದುಕಿಯೊಬ್ಬಳ ಕಿವಿಗೆ ಅಣ್ಣ ಯಂತ್ರ ಹಾಕಿ ಆನ್ ಮಾಡುವಾಗ ಫೋನು ಹಿಡಿದಿದ್ದಳು. ಹಿಂದೆ ನಿಂತ ಮೊಮ್ಮಗಳು "ಅಜ್ಜಿ" ಅಂದಳು. ಮುದುಕಿ ತಿರುಗಿ ನೋಡಿದಳು. ಅಷ್ಟೇ. ಆ ತಿರುಗಿ ನೋಡಿದ್ದನ್ನು ಎಷ್ಟು ಜನ ನೋಡಿದರೆಂದರೆ, ಮುಂದಿನ ವಾರದಿಂದ ಅಂಗಡಿಯ ಬೆಂಚಿನಲ್ಲಿ ಜಾಗ ಸಾಲದಾಯಿತು. ಮಕ್ಕಳು ಅಪ್ಪಂದಿರನ್ನು ಕೈ ಹಿಡಿದು ಕರೆತಂದರು. ಸೊಸೆಯಂದಿರು ಅತ್ತೆಯಂದಿರನ್ನು ತಂದರು. ಹೊಸ ವಿಡಿಯೋಗಳಲ್ಲಿ ದನಿ ಕೇಳಿ ಅತ್ತವರೂ ಇದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ಯಜಮಾನರೊಬ್ಬರು ಕುರ್ಚಿಯಲ್ಲಿ ಕೂತು, "ಅಮ್ಮಾ, ನಾನು ಅಳ್ಬೇಕಾಗಿರೋದು ಯಾವಾಗ? ಮೊದ್ಲೇ ಹೇಳಿಬಿಡಿ, ಕನ್ನಡಕ ತೆಗೀತೀನಿ" ಎಂದು ಕೇಳಿದಾಗ ಬೆಂಚೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಒಳಗೆ ಕವಿಯೂ ನಕ್ಕ, ಒಬ್ಬನೇ.

ಒಂದು ಸಂಜೆ ಬಾಗಿಲು ಅರ್ಧ ಎಳೆದು ಅಣ್ಣ ಶುರುಮಾಡಿದ.

"ನೋಡೋ, ನಿನ್ನ ಬರಹ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. ನಾನು ಓದೇ ಇಲ್ಲ, ಹೇಗೆ ಹೇಳ್ಲಿ? ಆದ್ರೆ ಒಳಗೆ ಅಚ್ಚುಗಳು ರಾಶಿ ಬಿದ್ದಿವೆ. ನೀನು ಮಧ್ಯಾಹ್ನ ಪೂರ್ತಿ ಬರೀತಾ ಕೂತಿರ್ತೀಯ."

"ಕವಿಗಳೇ, ಕೋಪ ಮಾಡ್ಕೋಬೇಡಿ," ಅಂದಳು ಅತ್ತಿಗೆ. "ನಿಮ್ಮ ಲೇಖನ ಓದ್ಬೇಕಾದ್ರೆ ಮನುಷ್ಯ ಒಂದು ಕಡೆ ಕೂತ್ಕೋಬೇಕು. ನನ್ನ ವಿಡಿಯೋಗೆ ಬಸ್ಸಲ್ಲಿ ನೇತಾಡ್ತಿದ್ರೂ ಸಾಕು."

"ನಿಮ್ಮ ವಿಡಿಯೋ ಮುಂದಿನ ವಾರ ಯಾರಿಗೆ ನೆನಪಿರುತ್ತೆ?"

"ಮುಂದಿನ ವಾರ ಇನ್ನೊಂದು ಮಾಡ್ತೀನಿ! ಅಂಗಡಿ ಬಾಗಿಲನ್ನ ಒಂದೇ ಸಲ ತೆಗೆದು ಸುಮ್ಮನಾಗ್ತೀವಾ? ದಿನಾ ತೆಗೀತೀವಿ ತಾನೇ?"

ಅದು ಒಳ್ಳೆಯ ಉತ್ತರವೇ. ಅದಕ್ಕೆ ಕವಿಯ ಮರುತ್ತರ ಎಂದಿನಂತೆ ಮಾರನೆಯ ದಿನ, ಯಾರದೋ ಬೆನ್ನ ಹಿಂದೆ ಹೊಳೆಯಿತು. ವಿಡಿಯೋ ಅದನ್ನು ಹುಡುಕದವರ ಕೈಗೂ ಹೋಗಿ ಬೀಳುತ್ತದೆ, ತನ್ನ ಬರಹ ಹುಡುಕುವವರಿಗಷ್ಟೇ ಸಿಗುತ್ತದೆ. ಕಿವಿ ಕೇಳಿಸುತ್ತಿಲ್ಲ ಎಂದು ಯಾರಿಗೂ ಹೇಳಲಾಗದವರು ಇರುತ್ತಾರೆ. ಅವರನ್ನು ಕೈ ಹಿಡಿದು ಕರೆತರುವ ಮೊಮ್ಮಗಳಿರುವುದಿಲ್ಲ. ಅವರು ಹಾಸಿಗೆಯ ಅಂಚಿನಲ್ಲಿ ಕೂತು ಫೋನಿನಲ್ಲಿ ಒಂದು ಪ್ರಶ್ನೆ ಟೈಪ್ ಮಾಡುತ್ತಾರೆ. ಆ ಪ್ರಶ್ನೆಯ ಇನ್ನೊಂದು ತುದಿಯಲ್ಲಿ ಯಾರಾದರೂ ಇರಬೇಕಲ್ಲ.

ಅಷ್ಟರಲ್ಲಿ ಅಣ್ಣ ಆ ಸಂಜೆಯೇ ತೀರ್ಪು ಕೊಟ್ಟಿದ್ದ. ಈ ತಿಂಗಳು ಬರುವ ಪ್ರತಿಯೊಬ್ಬರನ್ನೂ, ನಮ್ಮ ಬಗ್ಗೆ ಎಲ್ಲಿ ನೋಡಿ ಬಂದಿರಿ ಎಂದು ಕೇಳುವುದು. ಬ್ಲಾಗ್ ಓದಿ ಬಂದೆ ಎಂದು ಯಾರಾದರೂ ಅಂದರೆ ಅದು ಇರಲಿ. ಇಲ್ಲವಾದರೆ ಮುಚ್ಚಿ, ಆ ವಿಳಾಸಕ್ಕೆ ಹೋದವರಿಗೆ ನೇರ ವಿಡಿಯೋ ಸಿಗುವಂತೆ ಮಾಡುವುದು.

"ನಾನೇ ಕೇಳ್ತೀನಿ, ನಾನೇ ಕೇಳಿಸ್ಕೋತೀನಿ. ಮೋಸ ಇಲ್ಲ," ಅಂದ ಅಣ್ಣ.

ತಿಂಗಳು ನಡೆಯಿತು. ವಿಡಿಯೋ ನೋಡಿ ಬಂದವರು ಬಾಗಿಲಲ್ಲೇ ಹೇಳಿಬಿಡುತ್ತಿದ್ದರು, ಕೇಳುವ ಕಷ್ಟವನ್ನೂ ಕೊಡುತ್ತಿರಲಿಲ್ಲ. ಉಳಿದವರು ಒಂಟಿಯಾಗಿ ಬರುತ್ತಿದ್ದರು. ಬೆಂಚು ಖಾಲಿಯಾಗುವವರೆಗೆ ಎದುರಿನ ಕಾಲುದಾರಿಯಲ್ಲಿ ಬೀಗದ ಅಂಗಡಿಯ ಬೀಗಗಳನ್ನು ನೋಡುತ್ತ ನಿಂತಿದ್ದು, ಆಮೇಲೆ ಒಳಗೆ ನುಸುಳುತ್ತಿದ್ದರು. ಅಣ್ಣ ಪ್ರಶ್ನೆ ಕೇಳಿದರೆ ಎಲ್ಲರದೂ ಒಂದೇ ಉತ್ತರ.

"ಹೀಗೇ ಹೋಗ್ತಿದ್ದೆ. ಬೋರ್ಡ್ ನೋಡಿದೆ."

ಆ ಬೋರ್ಡನ್ನು ಅಣ್ಣ ಸ್ವಂತ ಕೈಯಿಂದ ಬರೆದಿದ್ದ. ಅದರ ಮುಕ್ಕಾಲು ಭಾಗ ಪಕ್ಕದ ಅಂಗಡಿಯ ತಗಡಿನ ಮಾಡಿನ ಹಿಂದೆ ಅಡಗಿತ್ತು. ಉಳಿದ ಕಾಲು ಭಾಗದಲ್ಲಿ ಕಾಣುತ್ತಿದ್ದುದು ದೊಡ್ಡದೊಂದು ಕಿವಿಯ ಚಿತ್ರ, ಅದೂ ಹೊಸಬರಿಗೆ ಬಸವನಹುಳುವಿನ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ಯಾರಾದರೂ ಕಿವಿ ಪರೀಕ್ಷೆಗೆ ಬರುವುದು ಸಾಧ್ಯವಿರಲಿಲ್ಲ. ಅಣ್ಣನಿಗೆ ಮಾತ್ರ ಎದೆಯುಬ್ಬಿಹೋಗಿತ್ತು.

"ನೋಡ್ರೋ, ನಿಮ್ಮಿಬ್ಬರದೂ ಬೇಡ. ಇನ್ನೊಂದು ಬೋರ್ಡ್ ಬರೆದು ಆ ಮೂಲೇಲಿ ಹಾಕ್ತೀನಿ!"

"ಹಾಕಿ, ಹಾಕಿ," ಅಂದಳು ಅತ್ತಿಗೆ. "ಬಸವನಹುಳು ಮಾರ್ತಾರೆ ಅಂದ್ಕೊಂಡು ಇನ್ನೂ ನಾಲ್ಕು ಜನ ಬರ್ಲಿ."

ಬೋರ್ಡು ನೋಡಿ ಬಂದೆ ಎನ್ನುವವರಲ್ಲಿ ತನ್ನವರು ಯಾರು ಎಂದು ಕವಿ ಒಳಗಿನಿಂದಲೇ ಕಿವಿಯಿಟ್ಟು ಹುಡುಕುತ್ತಿದ್ದ. ಅವರು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬ್ಲಾಗ್ ಓದಿ ಬಂದೆ ಎಂದರೆ, ಹುಡುಕಿದೆ ಎಂದು ಒಪ್ಪಿಕೊಂಡಂತೆ. ಹುಡುಕಿದೆ ಎಂದರೆ, ಬಹಳ ದಿನದಿಂದ ಕೇಳಿಸುತ್ತಿಲ್ಲ ಎಂದು ಒಪ್ಪಿಕೊಂಡಂತೆ. ದಾರಿಯಲ್ಲಿ ಹೋಗುತ್ತ ಬೋರ್ಡು ಕಂಡವನಿಗೆ ಈ ಯಾವ ತಾಪತ್ರಯವೂ ಇಲ್ಲ.

ತಿಂಗಳ ಕೊನೆಯ ಹೊತ್ತಿಗೆ ಆ ಹೆಂಗಸು ಬಂದಳು. ನಡುವಯಸ್ಸು, ಒಪ್ಪವಾಗಿ ಕಟ್ಟಿದ ಕೂದಲು, ತೊಳೆದು ತೊಳೆದು ಬಿಳುಚಿದ ಕೈ. ಹಲ್ಲಿನ ಡಾಕ್ಟರೊಬ್ಬರ ಬಳಿ ಸಹಾಯಕಿ. ಅವರು ಕೇಳಿದ ಸಲಕರಣೆಯನ್ನು ಕೇಳಿದ ಕ್ಷಣ ಕೈಗಿಡುವುದು ಅವಳ ಕೆಲಸ. ಪರೀಕ್ಷೆ ಮುಗಿಸಿದ ಅಣ್ಣ, ಏನು ತೊಂದರೆಯಾಗುತ್ತಿದೆ ಎಂದು ವಿಚಾರಿಸಿದ.

"ಡಾಕ್ಟ್ರು ಈಚೆಗೆ ತೊದಲ್ತಾರೆ ಅಂತ ಅಂದ್ಕೊಂಡಿದ್ದೆ. ಯಾವಾಗ್ಲೂ ಮಾಸ್ಕ್ ಹಾಕ್ಕೊಂಡಿರ್ತಾರಲ್ಲ. ದನಿ ಕೇಳಿಸುತ್ತೆ. ಅದೇ... ಮಾತಿನ ಮಾಂಸ ಕೇಳಿಸುತ್ತೆ, ಮೂಳೆ ಕೇಳಿಸಲ್ಲ."

"ಹಲ್ಲಿನ ಡಾಕ್ಟ್ರ ಹತ್ರಾನೂ ಮಾಂಸ ಮೂಳೆನಾ?" ಎಂದು ಅಣ್ಣ ನಕ್ಕ.

ಒಳಗೆ ಕವಿಯ ಕೈಯಲ್ಲಿದ್ದ ಅರ ನಿಂತಿತು. ಮಾತಿನ ಮಾಂಸ, ಮಾತಿನ ಮೂಳೆ. ಅದು ಅವನ ಸಾಲು. ಸ, ಟ, ಪಗಳಂಥ ಚೂಪು ಸದ್ದುಗಳು ಮೊದಲು ಮಾಯವಾಗಿ ಬರಿಯ ಸ್ವರಗಳು ಉಳಿಯುವುದನ್ನು ವಿವರಿಸಲು ಒಂದು ಮಧ್ಯಾಹ್ನವಿಡೀ ಒದ್ದಾಡಿ ಹಿಡಿದ ಸಾಲು. ಬೇರೆ ಎಲ್ಲಿಯೂ ಅದು ಇರಲು ಸಾಧ್ಯವಿರಲಿಲ್ಲ. ತಾನು ಬರೆದದ್ದು ಪರಿಚಯವಿಲ್ಲದವರ ಬಾಯಲ್ಲಿ ಸವೆದು, ಅವರದೇ ಮಾತಾಗಿ ಹೊರಬಂದದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಅವಳು ಒಳಗೆ ಬಂದು ಕೂತಳು. ಅವನು ಎರಡೂ ಕಿವಿಗೆ ಹಿಟ್ಟು ತುಂಬಿಸಿದ. ಎಂದಿನಂತೆ ಹಿಂದಿನ ಮೇಜಿಗೆ ಹೋಗಬೇಕಿತ್ತು, ಹೋಗಲಿಲ್ಲ. ತನ್ನನ್ನು ಓದಿದವರ ಮುಖವನ್ನು ಅವನು ನೋಡಿರಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೇ ಕೂತ. ಅವಳ ಕಣ್ಣಿನ ಕೆಳಗೆ ಮಾಸ್ಕಿನ ಗೆರೆಯಿತ್ತು. ಅಭ್ಯಾಸಬಲದಿಂದ ಮಾತು ತಾನಾಗಿ ಶುರುವಾಯಿತು.

"ನೀವು ಓದಿದೀರಿ. ನಂಗೆ ಗೊತ್ತಾಯ್ತು. ಆ ಮಾತು ನಂದು. ಹೊರಗೆ ಹೋದಾಗ ಅಣ್ಣ ಕೇಳ್ತಾನೆ, ಎಲ್ಲಿ ನೋಡಿ ಬಂದ್ರಿ ಅಂತ. ಬ್ಲಾಗ್ ಓದಿ ಬಂದೆ ಅಂತ ಒಂದು ಮಾತು ಅಂದ್ರೆ ಸಾಕು. ಇಲ್ದಿದ್ರೆ ಮುಚ್ಚಿಬಿಡ್ತಾರೆ. ಆದ್ರೆ ನೀವು ಅನ್ನಲ್ಲ. ಕೆಲಸದ ಕಡೆ ಯಾರಿಗೂ ಹೇಳಿರಲ್ಲ, ತಪ್ಪು ಸಲಕರಣೆ ಕೊಟ್ಟಾಗ ಬೇರೆ ಏನೋ ನೆಪ ಹೇಳಿರ್ತೀರಿ. ಯಾರಿಗೂ ಗೊತ್ತಾಗ್ದೇ ಇರ್ಲಿ ಅಂತಾನೇ ನೀವು ಓದಿದ್ದು. ನಾನೂ ಹಾಗಂತಾನೇ ಬರೆದಿದ್ದು."

ಮುಗಿಸಿದ ಮೇಲೆ ಅವನು ಗಮನಿಸಿದ. ಅವಳ ನೋಟ ಅವನ ಕಣ್ಣಿನ ಮೇಲಿರಲಿಲ್ಲ. ಅದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಅವನ ತುಟಿಗಳು ನಿಂತ ಮೇಲೂ ಅಲ್ಲೇ ಇತ್ತು, ಇನ್ನೇನು ಬರುತ್ತದೋ ಎಂಬ ಹಾಗೆ.

ಕಿವಿ ಮಂದವಾದವರು ತುಟಿ ಓದುತ್ತಾರೆ ಎಂದು ಊರಿಗೆಲ್ಲ ಬರೆದು ಹೇಳಿದವನು ಅವನೇ. ಬೆನ್ನುಗಳ ಜೊತೆ ಮಾತಾಡಿ ಮಾತಾಡಿ ಮುಖಗಳಿಗೆ ಕಣ್ಣಿರುವುದೇ ಮರೆತುಹೋಗಿತ್ತು. ಅವಳ ಮುಖ, ಒಳಗಿನಿಂದ ಯಾರೋ ಕಿಟಕಿ ಹಾಕಿಕೊಂಡ ಹಾಗೆ, ಮೆಲ್ಲಗೆ ಮುಚ್ಚಿಕೊಂಡಿತು. ಹಿಟ್ಟು ಗಟ್ಟಿಯಾಗಲು ಇನ್ನೂ ಹೊತ್ತಿತ್ತು. ಇಬ್ಬರೂ ಅಲ್ಲೇ ಕೂತಿರಬೇಕಾಯಿತು, ಎದುರು ಬದುರು.

ಹೊರಗೆ ಅಣ್ಣ ಕೇಳಿದ. ಅವಳು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಕವಿಯನ್ನು ನೋಡುತ್ತ, ಅಗತ್ಯಕ್ಕಿಂತ ಜೋರಾಗಿ ಹೇಳಿದಳು.

"ಬೋರ್ಡ್ ನೋಡಿ ಬಂದೆ."

ಯಂತ್ರ ಹಾಕಿಸಿಕೊಳ್ಳಲು ಬರಬೇಕಾದ ದಿನ ಅವಳು ಬರಲಿಲ್ಲ. ಮರುದಿನವೂ ಇಲ್ಲ. ಅತ್ತಿಗೆ ಫೋನು ಮಾಡಿದರೆ ಎತ್ತಲಿಲ್ಲ. ಅವಳ ಎರಡು ಅಚ್ಚುಗಳು ಪುಟ್ಟ ಡಬ್ಬಿಯಲ್ಲಿ ಕವಿಯ ಮೇಜಿನ ಮೇಲಿದ್ದವು. ಅವನ್ನು ಅವನು ಬೇಕಾದ್ದಕ್ಕಿಂತ ನುಣುಪಾಗಿ ಉಜ್ಜಿದ್ದ. ಆ ದಿನಗಳಲ್ಲಿ ಅವನು ಯಾರ ಬೆನ್ನ ಹಿಂದೆಯೂ ಮಾತಾಡಲಿಲ್ಲ. ಬ್ಲಾಗಿಗೂ ಏನೂ ಬರೆಯಲಿಲ್ಲ. ಒಬ್ಬಳು ಕದ್ದು ಕೂತು ಓದುತ್ತಿದ್ದ ಕೋಣೆಗೆ ನುಗ್ಗಿ ದೀಪ ಹಾಕಿದಂತಾಗಿತ್ತು. ತಿಂಗಳು ಮುಗಿದು, ಅಣ್ಣ "ಈ ವಾರ ಪೂರ್ತಿ ಇರ್ಲಿ, ಆಮೇಲೆ ಮುಚ್ಚಿಬಿಡೋಣ. ಬೇಜಾರಿಲ್ಲ ತಾನೇ?" ಎಂದಾಗ ಅವನು ಇಲ್ಲ ಎಂದು ತಲೆಯಾಡಿಸಿದ.

ಆ ವಾರದ ಒಂದು ಮಧ್ಯಾಹ್ನ ಅಣ್ಣ ಊಟಕ್ಕೆಂದು ಮೇಲೆ ಹೋಗಿದ್ದ, ಅಂಗಡಿಯಲ್ಲಿ ಅತ್ತಿಗೆಯಿದ್ದಳು. ಆ ಹೊತ್ತಿನಲ್ಲಿ ಕವಿ ಸಾಮಾನ್ಯವಾಗಿ ಹೊರಗೆ ಅಡ್ಡಾಡಲು ಹೋಗುತ್ತಿದ್ದ. ಅವತ್ತು ಹೋಗದೆ ಒಳಕೋಣೆಯ ಪರದೆ ಎಳೆದುಕೊಂಡು ಕೆಲಸದಲ್ಲಿದ್ದ. ಬಾಗಿಲಿನ ಸದ್ದಾಯಿತು.

"ಅಚ್ಚು ತೆಗೆದ್ರಲ್ಲ, ಅವರಿಲ್ವಾ?"

ದನಿ ಕೇಳಿದೊಡನೆ ಕವಿ ಅರವನ್ನು ಗಾಳಿಯಲ್ಲೇ ಹಿಡಿದ.

"ಈ ಹೊತ್ತಲ್ಲಿ ಇರಲ್ಲ. ಬರೋಕೆ ಹೇಳ್ಲಾ?" ಅಂದಳು ಅತ್ತಿಗೆ.

"ಬೇಡ ಬೇಡ. ಇಲ್ದಿರೋ ಹೊತ್ತು ನೋಡ್ಕೊಂಡೇ ಬಂದೆ. ನೀವೇ ಹಾಕಿ. ವಿಡಿಯೋ ಗಿಡಿಯೋ ಏನೂ ಬೇಡ."

"ಆಯ್ತಮ್ಮ. ಫೋನು ಇಲ್ಲೇ ಇಟ್ಟೆ ನೋಡಿ, ಬೋರಲು."

ಡಬ್ಬಿ? ಅವಳ ಅಚ್ಚುಗಳಿದ್ದ ಅದು ಬೆಳಿಗ್ಗೆಯೇ ಹೊರಗಿನ ಕಪಾಟಿಗೆ ಹೋಗಿತ್ತು, ಸದ್ಯ. ಪರದೆಯಾಚೆ ಡ್ರಾಯರು ತೆಗೆದ ಸದ್ದು, ಬ್ಯಾಟರಿಯ ಕಾಗದ ಕಿತ್ತ ಸದ್ದು. ಅತ್ತಿಗೆ ಗಿರಾಕಿಗಳಿಗೆ ಯಾವಾಗಲೂ ಹೇಳುವುದನ್ನು ಶುರುಮಾಡಿದಳು.

"ಈಗ ಆನ್ ಮಾಡ್ತೀನಿ. ಮೊದ್ಲು ಒಂಥರಾ..."

"ತಗಡಿನ ಡಬ್ಬಿ ಒಳಗೆ ಕೂತ ಹಾಗಿರುತ್ತೆ. ಗೊತ್ತು. ಹೆದರಿ ಕಿತ್ತು ಡ್ರಾಯರಿಗೆ ಹಾಕಬಾರದು."

"ಅರೆ! ಯಾರು ಹೇಳಿದ್ರು?"

ಕೈಚೀಲ ಸರಿಸಿಕೊಂಡ ಸದ್ದಾಯಿತು.

"ಎಲ್ಲೋ ಓದಿದ್ದೆ."

ಆಮೇಲೆ ಯಂತ್ರ ಎಚ್ಚರಾಗುವ ಸಣ್ಣ ಕೀರಲು ಪರದೆಯ ಈಚೆಗೂ ಬಂತು. ಈಗ ಅವಳಿಗೆ ಕೇಳಿಸುತ್ತದೆ. ಅಂಗಿಯ ತೋಳು ಮೇಜಿಗೆ ತಾಗಿದರೂ ಕೇಳಿಸುತ್ತದೆ. ಅವಳಿಗೆ ಕೇಳಿಸದು ಎಂದುಕೊಂಡು ಅಷ್ಟೆಲ್ಲ ಮಾತಾಡಿದವನು, ಈಗ ಕಾಲಿನ ಬೆರಳನ್ನೂ ಅಲ್ಲಾಡಿಸದೆ ಕೂತ. ಬಾಯಿ ತೆರೆದು ಮೆಲ್ಲಗೆ ಉಸಿರಾಡಿದ, ಮೂಗಿನ ಉಸಿರು ಸದ್ದು ಮಾಡುತ್ತದೆ. ಅವಳು ಬಳಪದ ಪೆಟ್ಟಿಗೆ ಬೀಳಿಸಿ ಆಡುವ ಮಗುವಿನ ಹಾಗೆ ಒಂದೊಂದನ್ನೇ ಮಾಡಿ ನೋಡುತ್ತಿದ್ದಳು. ಕೈಚೀಲದ ಜಿಪ್ಪು ಎಳೆದಳು. ಬೆಂಚಿನ ಮೇಲೆ ಉಗುರಿನಿಂದ ತಟ್ಟಿದಳು. "ಸೂಜಿ... ಚಿಮಟ... ಹತ್ತಿ..." ಎಂದು ತನಗೇ ಹೇಳಿಕೊಂಡಳು, ಪ್ರತಿ ಮಾತಿನ ಮೂಳೆ ಮುಟ್ಟಿ ನೋಡುವವಳಂತೆ.

ಅವನು ಕೂತಿದ್ದ ಕುರ್ಚಿ ಕಿರ್ರೆಂದಿತು.

"ಒಳಗೆ ಯಾರೋ ಇದಾರೆ," ಅಂದಳು ಅವಳು.

"ಅದಾ? ಫ್ಯಾನು. ಎಣ್ಣೆ ಹಾಕ್ಬೇಕು," ಅಂದಳು ಅತ್ತಿಗೆ, ಕಣ್ಣು ಮಿಟುಕಿಸುವಷ್ಟು ತಡವನ್ನೂ ಮಾಡದೆ.

ಫ್ಯಾನು ತಿರುಗುತ್ತಿರಲಿಲ್ಲ. ಅವಳು ಕಿವಿಗೊಟ್ಟು ಕೇಳುತ್ತಿದ್ದಾಳೆಂದು ಕವಿಗೆ ಪರದೆಯ ಈಚೆಯಿಂದಲೂ ಗೊತ್ತಾಗುತ್ತಿತ್ತು. ಹೊಸ ಕಿವಿ. ಅದಕ್ಕೆ ಸುಳ್ಳು ಸಾಲದು. ಆದರೆ ಅವಳು "ಹೌದಾ" ಎಂದಳು. ಆಮೇಲೆ ಸ್ವಲ್ಪ ಬಿಟ್ಟು, ಹೋಗುವವಳ ದನಿಯಲ್ಲಿ, ಬಹುಶಃ ಅತ್ತಿಗೆಗೇ, "ಚೆನ್ನಾಗಿ ಕೂತಿದೆ. ಚುಚ್ಚಲ್ಲ" ಎಂದಳು. ಬಾಗಿಲು ಮುಚ್ಚಿಕೊಂಡಿತು.

ಅತ್ತಿಗೆ ಪರದೆ ಸರಿಸಿದಳು.

"ಉಸಿರು ಬಿಡಿ ಕವಿಗಳೇ. ನೀಲಿಗಟ್ಟಿ ಹೋಗಿದೀರಿ."

ಅವನು ಅರವನ್ನು ಮೇಜಿನ ಮೇಲಿಟ್ಟ.

"ಅದು ನಿಮ್ಮ ಬರಹ ಅಲ್ವಾ? ತಗಡಿನ ಡಬ್ಬಿ?"

"ನೀವು ಓದಿದೀರಾ?"

"ನಾನೆಲ್ಲಿ ಓದ್ಲಿ! ಇಂಥದ್ದೆಲ್ಲ ಇನ್ಯಾರು ಬರೀತಾರೆ ಅಂತ ಅಂದಾಜು. ತಡೀರಿ, ನಿಮ್ಮಣ್ಣ ಕೆಳಗೆ ಬರ್ಲಿ, ಹೇಳ್ತೀನಿ. ಒಬ್ರು ಸಿಕ್ಕಿದ್ರಲ್ಲ."

"ಬೇಡ ಅತ್ತಿಗೆ. ಅವ್ರು ಹೇಳಿಲ್ಲ. ಹೇಳೋದಿಲ್ಲ ಅಂದವರ ಹೆಸರು ಹೇಳಿ ಉಳಿಸ್ಕೊಳ್ಳೋದು ಬೇಡ."

"ಹಾಗಾದ್ರೆ ಮುಚ್ಚಿಹೋಗುತ್ತಲ್ರೀ."

ಅವನು ಅರವನ್ನು ಮತ್ತೆ ಕೈಗೆತ್ತಿಕೊಂಡ. ಅತ್ತಿಗೆ ಅವನನ್ನು ಕೊಂಚ ಹೊತ್ತು ನೋಡಿ, ಏನೋ ಹೇಳಹೊರಟು, ಹೊರಗೆ ಬೆಂಚಿನಿಂದ ಯಾರೋ ಕರೆದರೆಂದು ಹೋದಳು.

ಸಂಜೆ ಬಾಗಿಲು ಎಳೆಯುವಾಗ ಅತ್ತಿಗೆಯೇ ಮಾತು ತೆಗೆದಳು.

"ರೀ, ಆ ಬ್ಲಾಗು ಮುಚ್ಚೋದು ಬೇಡ."

"ಯಾಕೆ? ಒಬ್ರೂ ಬರ್ಲಿಲ್ವಲ್ಲೇ."

"ಬಂದಿದಾರೆ."

"ಯಾರು?"

"ಅದನ್ನ ಹೇಳೋ ಹಾಗಿಲ್ಲ."

"ನನ್ನ ಅಂಗಡಿಗೆ ಯಾರು ಬಂದ್ರು ಅಂತ ನಂಗೆ ಹೇಳೋ ಹಾಗಿಲ್ವಾ?" ಅಣ್ಣ ತಮ್ಮನ ಕಡೆ ತಿರುಗಿದ. "ಏನೋ, ನೀವಿಬ್ರೂ ಯಾವಾಗಿಂದ ಒಂದು ಪಾರ್ಟಿ?"

"ನನ್ನ ವಿಡಿಯೋ ಜನ ನಾಳೆ ಇನ್ನೊಂದು ವಿಡಿಯೋ ನೋಡಿ ಇನ್ನೊಂದು ಅಂಗಡಿಗೂ ಹೋಗ್ತಾರೆ," ಅಂದಳು ಅತ್ತಿಗೆ. "ಬರ್ಲಿ ಹೋಗ್ಲಿ, ಅದು ನನ್ನ ಪಾಡು. ಇದು ಬೇರೆ ಜನ ರೀ. ಕೇಳಿದ್ರೆ ಹೇಳೋ ಜನ ಅಲ್ಲ. ಇರ್ಲಿ ಬಿಡಿ, ಅನ್ನ ಕೇಳುತ್ತಾ, ನೀರು ಕೇಳುತ್ತಾ?"

ಅಣ್ಣ ಬೀಗದ ಕೈ ಹುಡುಕುತ್ತ ಗೊಣಗಿದ. "ಇರ್ಲಿ. ಆದ್ರೆ ಮಧ್ಯಾಹ್ನ ಪೂರ್ತಿ ಕೂತು ಬರೆಯೋದು ನಿಲ್ಲಿಸ್ಬೇಕು. ಅಚ್ಚು ಮುಗಿಸಿ ಆಮೇಲೆ ಏನಾದ್ರೂ ಬರ್ಕೊ."

ಊಟದ ಮೇಜಿನಲ್ಲಿ ಅವರಿಬ್ಬರ ಮಾತು ಬೇರೆ ಕಡೆಗೆ ಹೋಯಿತು. ಕವಿ ಬೇಗ ಎದ್ದು ತನ್ನ ಕೋಣೆಗೆ ಬಂದು, ಬ್ಲಾಗು ತೆರೆದ. ಗೆದ್ದದ್ದರ ಖುಷಿಯನ್ನು ಹುಡುಕಿದ, ಎಲ್ಲೋ ಸ್ವಲ್ಪ ಇತ್ತು. ಅವಳು ಇನ್ನು ಓದುತ್ತಾಳೋ ಇಲ್ಲವೋ. ಓದಿದರೂ, ಬರೆದವನ ಮುಖ ಗೊತ್ತಿದ್ದು ಓದುವುದು ಮೊದಲಿನ ಓದಲ್ಲ. ಅದೊಂದು ಹೋಯಿತು.

ಪ್ರತಿ ಬರಹದ ಕೊನೆಗೂ ಒಂದು ಸಾಲಿತ್ತು. ನಿಮ್ಮ ಅನುಭವವನ್ನು ಕೆಳಗೆ ಬರೆಯಿರಿ, ನೀವು ಯಾರೆಂದು ತಿಳಿಸಿ. ಅದನ್ನು ಅವನೇ ಹಾಕಿದ್ದ. ವರ್ಷಗಳಿಂದ ಅದರ ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ದಿನವೂ ಒಮ್ಮೆ ಅಲ್ಲಿಗಿಳಿದು ನೋಡುವುದು ಅವನ ಚಟವಾಗಿತ್ತು. ಮೊದಲ ಬರಹ ತೆರೆದು ಆ ಸಾಲನ್ನು ಅಳಿಸಿದ. ಕೆಳಗಿದ್ದ ಖಾಲಿ ಪೆಟ್ಟಿಗೆಯನ್ನೂ ತೆಗೆದುಹಾಕಿದ. ಎರಡನೆಯದನ್ನು ತೆರೆದ. ಪಕ್ಕದ ಕೋಣೆಯಲ್ಲಿ ಅತ್ತಿಗೆ ನಾಳೆಯ ವಿಡಿಯೋಗೆ ಮಾತು ಜೋಡಿಸುತ್ತ ಒಂದೇ ವಾಕ್ಯವನ್ನು ನಗುತ್ತ, ನಗದೆ, ಮತ್ತೆ ನಗುತ್ತ ಹೇಳಿ ನೋಡುತ್ತಿದ್ದಳು. ಅವನು ಸದ್ದಿಲ್ಲದೆ ಒಂದೊಂದೇ ಬರಹಕ್ಕೆ ಹೋಗಿ, ನೀವು ಯಾರೆಂದು ಕೇಳುತ್ತಿದ್ದ ಆ ಸಾಲನ್ನು ತೆಗೆಯುತ್ತ ಬಂದ.